ಅಳದ ಕೂಸುಗಳ ಕೋಣೆ

ಇಪ್ಪತ್ತು ಕೂಸುಗಳಿರುವ ಕೋಣೆಯಲ್ಲಿ ಒಂದೇ ಒಂದು ಸದ್ದಿಲ್ಲ ಎಂದರೆ ನಿಮಗೆ ಏನನ್ನಿಸುತ್ತದೋ ಗೊತ್ತಿಲ್ಲ, ನಾನಂತೂ ಅಲ್ಲಿ ನಿಲ್ಲಲಾರೆ. ಅಲ್ಲಿಗೆ ಬರುವ ಅಪ್ಪ ಅಮ್ಮಂದಿರು ಮಾತ್ರ ಬಾಗಿಲಲ್ಲಿ ನಿಂತು 'ಆಹಾ, ಎಷ್ಟು ಶಾಂತಿ' ಎಂದು ಕಣ್ಣು ಮುಚ್ಚುತ್ತಾರೆ. ಶಾಂತಿಯಂತೆ ಶಾಂತಿ! ಅದು ಬೇಕಿದ್ದವರು ಕೂಸು ಹಡೆಯುವುದು ಬಿಟ್ಟು ಮಠ ಸೇರಬೇಕಿತ್ತು.

ನನ್ನ ಹೆಸರು ನೀಲಾಂಬಿಕಾ ಹಂಚಿನಾಳ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಕೂಸುಗಳ ಕಿವಿ ಪರೀಕ್ಷೆ ಮಾಡಿ ಮಾಡಿಯೇ ತಲೆ ಬೆಳ್ಳಗಾದವಳು. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವುದೂ ನನ್ನ ಕೆಲಸವೇ ಆಗಿತ್ತು. ಅವುಗಳ ಕೈಯನ್ನು ನನ್ನ ಕೊರಳ ಮೇಲೆ ಇಟ್ಟುಕೊಂಡು 'ಆ' ಅನ್ನುತ್ತಿದ್ದೆ. ದನಿ ಹೊರಟಾಗ ಕೊರಳು ನಡುಗುವುದು ಬೆರಳಿಗೆ ತಿಳಿಯುತ್ತದೆ. ಆಮೇಲೆ ನನ್ನ ಬೆರಳು ಅವುಗಳ ಕೊರಳ ಮೇಲೆ. ನಿವೃತ್ತಿಯಾದರೂ ಈ ಚಟ ಹೋಗಿಲ್ಲ. ಯಾವ ಕೂಸನ್ನು ಎತ್ತಿಕೊಂಡರೂ ನನ್ನ ಎರಡು ಬೆರಳು ತಾವಾಗಿಯೇ ಅದರ ಕೊರಳಿಗೆ ಹೋಗುತ್ತವೆ.

ವಿನುತಾ ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡ ಮೇಲೆ ಅವಳಿಗೆ ತವರು ಅಂತ ಉಳಿದವಳು ನಾನೊಬ್ಬಳೇ. ರೈಲ್ವೆ ವರ್ಕ್‌ಶಾಪಿನಲ್ಲಿ ಇನ್ಸ್‌ಪೆಕ್ಟರ್ ಆಗಿದ್ದಾಳೆ. ಗಂಡ ವೀರೇಶ ಬ್ಯಾಂಕಿನವನು, ಮೆತ್ತನೆಯ ಮನುಷ್ಯ. ಅವರ ಮಗಳು ಇಂಚರ. ಒಂದು ದಿನ ವಿನುತಾ ಫೋನು ಮಾಡಿದಳು.

"ದೊಡ್ಡವ್ವ, ಇಂಚರಾಗ ಕಿವಿ ಕೇಳ್ತಾವೋ ಇಲ್ಲೋ ಅಂತ ಜೀವ ಹಾರಾಕತ್ತೈತಿ. ಹತ್ತ ತಿಂಗಳ ತುಂಬ್ಯಾವು. ಒಂದ ಸಪ್ಪಳ ಇಲ್ಲ. ಬ ಇಲ್ಲ, ಮ ಇಲ್ಲ. ನೀ ಬಂದು ನೋಡಿ ಹೇಳು."

"ಅಳೂದರ ಹ್ಯಾಂಗ ಅಳ್ತೈತಿ?"

"ಅಳೂದ ಇಲ್ಲ. ಹುಟ್ಟಿದಾಗ ದವಾಖಾನಿಯೊಳಗ, ಆಮ್ಯಾಲೆ ಬಾಣಂತನದಾಗ ಅತ್ತಿತ್ತಲ್ಲ, ಅಷ್ಟ. ಮೂರ ತಿಂಗಳಿಗೆ ಓಗೊಡು ಕೇಂದ್ರಕ್ಕ ಬಿಟ್ವಿ ನೋಡು, ಅಲ್ಲಿಂದ ಒಂದ ದಿನಾನೂ ಅತ್ತಿಲ್ಲ." ಅಷ್ಟು ಗಾಬರಿಯಲ್ಲೂ ಈ ಮಾತು ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆ ಇತ್ತು.

ಓಗೊಡು ಎಂಬ ಈ ಶಿಶುಪಾಲನಾ ಕೇಂದ್ರಗಳು ಈಗ ಊರ ತುಂಬ ಇವೆ. ಕರೆದರೆ 'ಓ' ಅನ್ನುವವರು ಎಂಬರ್ಥದಲ್ಲಿ ಯಾವನೋ ಕನ್ನಡ ಬಲ್ಲವನು ಇಟ್ಟ ಹೆಸರು. ಹೆಸರು ಚಂದವೇ ಇದೆ, ಹಾಳಾಗಿ ಹೋಗಲಿ. ಅವರ ಹೆಚ್ಚುಗಾರಿಕೆ ಏನೆಂದರೆ ಕೂಸಿನ ಕೊರಳಿಗೆ ಕಟ್ಟುವ ಒಂದು ಜೊಲ್ಲುಬಟ್ಟೆ. ನೋಡಲು ಮೆತ್ತಗಿನ ಹಳದಿ ಬಟ್ಟೆ, ಒಳಗೆಲ್ಲ ಯಂತ್ರ. ಅದು ಕೂಸಿನ ನಾಡಿ, ಮೈಬಿಸಿ, ಹೊಟ್ಟೆಯ ಗುಡುಗುಡು, ತುಟಿ ನಾಲಿಗೆಯ ಅಲುಗಾಟ ಎಲ್ಲವನ್ನೂ ಓದುತ್ತದೆ. ಸಾವಿರಾರು ಕೂಸುಗಳನ್ನು ಓದಿ ಓದಿ ಅದಕ್ಕೆ ಈಗ ಎಂಥ ನಿಪುಣತೆ ಬಂದಿದೆ ಎಂದರೆ, ಕೂಸು ಅಳುವುದಕ್ಕೆ ಸಾಕಷ್ಟು ಮುಂಚೆಯೇ ಅದಕ್ಕೆ ಏನು ಬೇಕಾಗಲಿದೆ ಎಂದು ಹೇಳಿಬಿಡುತ್ತದೆ. ಹಾಲೋ, ನಿದ್ದೆಯೋ, ಒದ್ದೆ ಬಟ್ಟೆಯೋ, ಎತ್ತಿಕೊಳ್ಳಬೇಕೋ. ಕೂಸು ಬಾಯಿ ಬಿಡುವಷ್ಟರಲ್ಲಿ ಬೇಕಾದ್ದು ಎದುರಿಗೆ ಬಂದಿರುತ್ತದೆ. ಮನೆಯಲ್ಲೂ ಅದು ಕೊರಳಲ್ಲೇ ಇರಬೇಕು, ಅಪ್ಪ ಅಮ್ಮನ ಫೋನಿಗೆ ಸುದ್ದಿ ಬರುತ್ತದೆ.

ನಾನು ಹೋದಾಗ ಇಂಚರ ಚಾಪೆಯ ಮೇಲೆ ಕೂತಿತ್ತು. ದುಂಡಗಿನ, ಸ್ವಚ್ಛವಾದ, ವಯಸ್ಸಿಗೆ ಸರಿಯಾದ ತೂಕದ ಕೂಸು. ಹಿಂದೆ ಕೂತು ಬಟ್ಟಲಿಗೆ ಚಮಚ ತಾಗಿಸಿದೆ, ತಟ್ಟನೆ ತಿರುಗಿತು. ಸೆರಗಿನ ಮರೆಯಲ್ಲಿ ಪಿಸುಗುಟ್ಟಿದೆ, ತಿರುಗಿತು. ಕಿವಿ ನನ್ನದಕ್ಕಿಂತ ಚುರುಕಾಗಿತ್ತು. ಎತ್ತಿಕೊಂಡು ಕೊರಳಿಗೆ ಬೆರಳಿಟ್ಟರೆ ತಣ್ಣಗೆ, ಸುಮ್ಮನೆ.

ಅಷ್ಟರಲ್ಲಿ ವಿನುತಾಳ ಫೋನು ಗುಂಯ್ ಅಂದಿತು. 'ಇನ್ನು ಸ್ವಲ್ಪ ಹೊತ್ತಿನಲ್ಲಿ ಇಂಚರಳಿಗೆ ಹಸಿವಾಗಲಿದೆ.' ವಿನುತಾ ಅಡುಗೆಮನೆಗೆ ಓಡಿದಳು.

"ನಿಂದರಬೇ," ಎಂದೆ. "ಇವತ್ತ ಒಂದೀಟು ತಡಾ ಮಾಡಿ ಕೊಡು. ಏನ ಮಾಡ್ತೈತಿ ನೋಡೂಣು."

ಕಾದೆವು. ಕೂಸಿಗೆ ಹಸಿವಾಗಿದ್ದು ನಮಗೂ ಕಾಣಿಸಿತು. ಅದು ನಮ್ಮ ಕಡೆ ನೋಡಲಿಲ್ಲ. ಅಡುಗೆಮನೆಯ ಬಾಗಿಲ ಕಡೆ ಮುಖ ಮಾಡಿತು, ಬಾಯಿ ತೆರೆಯಿತು, ಹಾಗೇ ತೆರೆದುಕೊಂಡು ಕೂತಿತು. ಗೂಡಿನ ಮರಿಯಾದರೂ ಚೀಂವ್ ಅನ್ನುತ್ತದೆ. ಇದಕ್ಕೆ ಅದೂ ಇಲ್ಲ. ಜೊಲ್ಲು ಮಾತ್ರ ಇಳಿಯುತ್ತಿತ್ತು. ಕರೆಯಬಹುದು ಎಂಬುದೇ ಆ ಜೀವಕ್ಕೆ ಗೊತ್ತಿರಲಿಲ್ಲ.

ವಿನುತಾ ತಡೆಯಲಾರದೆ ಬಾಟಲಿ ಬಾಯಿಗಿಟ್ಟಳು.

ಮರುದಿನ ಆ ಕೇಂದ್ರಕ್ಕೇ ಹೋದೆ. ಒಳಗೆ ಕಾಲಿಟ್ಟೊಡನೆ ಮೊಲೆಹಾಲಿನ ವಾಸನೆ ಮೂಗಿಗೆ ಬಡಿಯಿತು. ಯಾರು ಹಾಲೂಡುತ್ತಿದ್ದಾರೆ ಎಂದು ಸುತ್ತ ನೋಡಿದೆ. ಯಾರೂ ಇಲ್ಲ. ಗೋಡೆಯ ಮೂಲೆಯಲ್ಲಿ ಒಂದು ಬಿಳಿ ಡಬ್ಬಿ ಬುಸ್ ಬುಸ್ ಎಂದು ವಾಸನೆ ಊದುತ್ತಿತ್ತು. ಸೆರಗನ್ನು ಮೂಗಿಗೆ ಒತ್ತಿಕೊಂಡೆ.

ಮ್ಯಾನೇಜರ್ ಪ್ರಫುಲ್ಲ ದೇಸಾಯಿ ಎಂಬವನು ನಗುತ್ತ ಬಂದ. ಎಲ್ಲದಕ್ಕೂ ನಗುತ್ತಿದ್ದ. "ಬನ್ನಿ ಮೇಡಂ, ನಮ್ಮ ಕಂಟ್ರೋಲ್ ರೂಮ್ ತೋರಿಸ್ತೀನಿ. ಬೇರೆ ಕಡೆ ಮಕ್ಕಳನ್ನ ನೋಡ್ಕೋತಾರೆ. ನಾವು ಮಕ್ಕಳಿಗೆ ಗಮನ ಕೊಡ್ತೀವಿ. ಗಮನವನ್ನ ಅಳೀತೀವಿ."

ಕಂಟ್ರೋಲ್ ರೂಮಿನ ಗೋಡೆ ತುಂಬ ಪರದೆ. ಒಂದು ಕೂಸಿಗೆ ಒಂದು ಹಸಿರು ಗೆರೆ. ಗೆರೆ ಸ್ವಲ್ಪ ಡೊಂಕಾದರೆ ಸಾಕು, ಹೊರಗೆ ತೊಟ್ಟಿಲ ಸಾಲಿನಲ್ಲಿ ನಿಂತ ಆಯಾಳ ಕಿವಿಯಲ್ಲಿ ಸೂಚನೆ ಮೊಳಗುತ್ತದೆ. ಗಾಜಿನಾಚೆ ಫಕೀರವ್ವ ಎಂಬ ಆಯಾ ಒಂದು ತೊಟ್ಟಿಲಿಗೆ ಬಗ್ಗಿ "ಓಹೋ ಬಂಗಾರ, ನಿನಗೆ ಬೇಸರವಾಯಿತೇ?" ಎಂದಳು. ಮುಂದಿನ ತೊಟ್ಟಿಲಿಗೆ ಹೋಗಿ ಅದೇ ರಾಗದಲ್ಲಿ ಅದೇ ಮಾತು. ಹುಬ್ಬಳ್ಳಿಯ ಹೆಣ್ಣುಮಗಳ ಬಾಯಲ್ಲಿ 'ಬೇಸರವಾಯಿತೇ'! ಅದೂ ಕಿವಿಯಲ್ಲಿ ಬಂದದ್ದನ್ನೇ ಒದರುವುದು. ಎಷ್ಟು ಸಲ ಬಗ್ಗಿದಳು, ಎಷ್ಟು ಸಲ ನಕ್ಕಳು ಎಂದು ಮೇಲಿನ ಕ್ಯಾಮೆರಾ ಎಣಿಸುತ್ತಿತ್ತು. ಅದೇ ಗಮನವಂತೆ, ಸಂಜೆ ಅದಕ್ಕೆ ಅಂಕ.

"ಇದು ಕೆಂಪಾದರೆ?" ಎಂದು ಗೆರೆಯೊಂದನ್ನು ತೋರಿಸಿ ಕೇಳಿದೆ.

"ಅದು ಅಳು ಮೇಡಂ. ನಾವು ಅದನ್ನ ಲೋಪ ಅಂತೀವಿ. ಈ ವರ್ಷ ನಮ್ಮಲ್ಲಿ ಲೋಪವೇ ಇಲ್ಲ."

ನನಗೆ ರೇಗಿತು. "ಅಲ್ರೀ ದೇಸಾಯರ, ಕೂಸಿಗೆ ಮೊದಲು ತಾನು ಯಾಕ ಅಳಾಕತ್ತೀನಿ ಅನ್ನೂದೂ ಗೊತ್ತಿರೂದಿಲ್ಲ. ಸುಮ್ನ ಒದರ್ತೈತಿ. ಯಾರೋ ಓಡಿ ಬರ್ತಾರ. ನಾ ಒದರಿದ್ದಕ್ಕ ಇಕಿ ಬಂದ್ಲು ಅಂತ ದಿನಾ ದಿನಾ ತಿಳೀತೈತಿ. ಅಲ್ಲಿಂದ ಬ, ಅಲ್ಲಿಂದ ಮ, ಅಲ್ಲಿಂದ ಅವ್ವ. ನೀವು ಒದರೂಕಿಂತ ಮೊದಲ ಓಡಿ ಹೋಗ್ತೀರಿ. ಹಂಗಾರ ಅದು ಯಾಕ ಕರೀಬೇಕು? ಯಾರನ್ನ ಕರೀಬೇಕು? ಕೇಳೂಮಟಾ ಒಂಚೂರು ತಡೀರಿ ಅಂತ ನಿಮ್ಮ ಯಂತ್ರಕ್ಕ ಹೇಳ್ರಿ."

"ತಡೆದರೆ ಅಳ್ತಾವೆ ಮೇಡಂ. ಅತ್ತರೆ ಲೋಪ ಬೀಳುತ್ತೆ. ಲೋಪ ಬಿದ್ದರೆ ಅಪ್ಪ ಅಮ್ಮ ಎದುರಿನ ರಸ್ತೆಯ ಕೇಂದ್ರಕ್ಕೆ ಹೋಗ್ತಾರೆ." ಮತ್ತೆ ನಕ್ಕ. "ಆದರೆ ನೀವು ಹೇಳಿದ್ದು ನಮಗೂ ಗೊತ್ತಾಗಿದೆ. ಮಾತು ಬರ್ತಿಲ್ಲ ಅಂತ ದೂರುಗಳಿವೆ. ಅದಕ್ಕೇ 'ತೊದಲು' ಅನ್ನೋ ಹೊಸ ಸೌಲಭ್ಯ ತರ್ತಿದ್ದೀವಿ. ನಿಮ್ಮಂಥ ಅನುಭವಿಗಳು ಒಂದು ಹೇಳಬೇಕು. ಹತ್ತು ಹನ್ನೊಂದು ತಿಂಗಳಲ್ಲಿ ಅಮ್ಮಂದಿರಿಗೆ ಯಾವ ಸದ್ದು ಕೇಳಿದರೆ ತುಂಬ ಖುಷಿಯಾಗುತ್ತೆ?"

ಕೂಸಿಗೆ ಯಾವ ಸದ್ದು ಸುಲಭ ಎಂದು ಅವನು ಕೇಳಲಿಲ್ಲ. ಅಮ್ಮಂದಿರ ಖುಷಿ ಕೇಳಿದ. ಇವನ ಹತ್ತಿರ ಮಾತಾಡಿ ಬಾಯಿ ಹೊಲಸು ಮಾಡಿಕೊಳ್ಳುವುದು ಬೇಡ ಎನ್ನಿಸಿ ಎದ್ದು ಬಂದೆ.

ಕೂಸನ್ನು ಅಲ್ಲಿಂದ ಬಿಡಿಸು ಎಂದು ವಿನುತಾಳಿಗೆ ಫೋನಿನಲ್ಲಿ ಹೇಳಿದೆ. "ಬಿಡಿಸಿ ಎಲ್ಲಿ ಇಡ್ಲಿ ದೊಡ್ಡವ್ವ? ನಿನಗ ಮಣಕಾಲು ನೋವು, ನಮ್ಮತ್ತಿ ಬಾಗಲಕೋಟೆ ಬಿಟ್ಟು ಬರಂಗಿಲ್ಲ, ನನಗ ರಜಾ ಇಲ್ಲ. ಕಿವಿ ಛಲೋ ಅದಾವಂದ್ಯಲ್ಲ, ಮಾತು ತಾನ ಬರ್ತೈತಿ ಬಿಡು," ಎಂದಳು. ಜಗಳವಾಯಿತು. ಹಾಳಾಗಿ ಹೋಗಿ ಎಂದು ನಾನೂ ಫೋನು ಇಟ್ಟೆ.

ಕೆಲವು ವಾರ ಮಾತಿಲ್ಲ. ಆಮೇಲೊಂದು ದಿನ ವಿನುತಾ ನಗುತ್ತ ಅಳುತ್ತ ಫೋನು ಮಾಡಿದಳು. "ದೊಡ್ಡವ್ವಾ! ಕೂಸು ಅವ್ವ ಅಂತು! ನಿನ್ನೆ ಸಂಜಿಮುಂದ ಕೇಂದ್ರದ ಬಾಗಿಲೊಳಗ ನನ್ನ ನೋಡಿದ ಕೂಡ್ಲೆ ಅವ್ವ ಅಂತು! ಇವತ್ತ ಓಣಿಗೆಲ್ಲ ಸಕ್ಕರಿ ಹಂಚಾಕತ್ತೀನಿ, ಸಿಟ್ಟು ಬಿಟ್ಟು ಬಾರಬೇ."

ಸಿಟ್ಟು ಬಿಟ್ಟು ಹೋದೆ. ನಾನು ಹೇಳಿದ್ದೇ ತಪ್ಪಾಗಿದ್ದರೆ ನನಗಿಂತ ಸಂತೋಷಪಡುವವರು ಯಾರಿದ್ದಾರೆ? ಮನೆ ತುಂಬ ಓಣಿಯ ಹೆಣ್ಣುಮಕ್ಕಳು. ವಿನುತಾ ಹೊಸ ಇಳಕಲ್ ಸೀರೆ ಉಟ್ಟು, ಬೆಳ್ಳಿ ಬಟ್ಟಲಲ್ಲಿ ಸಕ್ಕರೆ ಹಿಡಿದು ನಿಂತಿದ್ದಳು. ನನ್ನ ಬಾಯಿಗೂ ಒಂದು ಚಮಚ ಹಾಕಿದಳು. ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿದಳು. ಬೆರಳು ತಾವಾಗಿಯೇ ಅದರ ಕೊರಳಿಗೆ ಹೋದವು.

"ಇಂಚರಾ, ಅವ್ವ ಎಲ್ಲಿ? ಅವ್ವನ್ನ ಕರಿ, ಕರಿ," ಎಂದಳು ವಿನುತಾ.

"ಅವ್ವ," ಎಂದಿತು.

ಎಂಥ ಇಂಪಾದ ದನಿ! ಹೆಂಗಸರೆಲ್ಲ "ಅಯ್ಯ ನನ ಬಂಗಾರಾ" ಎಂದು ಲಟಿಕೆ ಮುರಿದರು. "ಓ! ಓ ನನ್ನ ಜೀವಾ!" ಎಂದು ವಿನುತಾ ಓಗೊಟ್ಟಳು. ನನ್ನ ಬೆರಳ ಕೆಳಗೆ ಕೊರಳು ತಣ್ಣಗೆ ಸುಮ್ಮನಿತ್ತು. ನಡುಗಿದ್ದು ಅಂಗೈ ಕೆಳಗಿನ ಜೊಲ್ಲುಬಟ್ಟೆ.

ನನ್ನ ಬಾಯಲ್ಲಿದ್ದ ಸಕ್ಕರೆಯನ್ನು ಎಲ್ಲರೆದುರಿಗೇ ಸೆರಗಿಗೆ ಉಗುಳಿದೆ. ಕೂಸಿನ ಕೊರಳಿನಿಂದ ಬಟ್ಟೆ ಬಿಚ್ಚಿ ಸಕ್ಕರೆ ಬಟ್ಟಲಿನ ಪಕ್ಕ ಮೇಜಿನ ಮೇಲೆ ಇಟ್ಟೆ.

"ಯಾಕಬೇ ದೊಡ್ಡವ್ವ, ಏನಾತು?" ಎಂದಳು ವಿನುತಾ.

ಅವಳ ದನಿ ಕೇಳಿದ್ದೇ ತಡ, ಮೇಜಿನ ಮೇಲಿನ ಬಟ್ಟೆ "ಅವ್ವ" ಎಂದಿತು.

ಕೂಸು ನನ್ನ ತೊಡೆಯ ಮೇಲೆ ಬಾಯಿ ಮುಚ್ಚಿಕೊಂಡು ಕೂತಿತ್ತು. ವಿನುತಾ ಬಟ್ಟೆಯನ್ನು ನೋಡಿದಳು, ಕೂಸನ್ನು ನೋಡಿದಳು. "ಇದೇನ ಇದು..." ಎಂದಳು. ಬಟ್ಟೆ ಮತ್ತೆ "ಅವ್ವ, ಅವ್ವ" ಎಂದಿತು. ಪಕ್ಕದ ಮನೆಯಾಕೆ ಕೈಯಲ್ಲಿದ್ದ ಸಕ್ಕರೆಯನ್ನು ಮೆಲ್ಲಗೆ ಬಟ್ಟಲಿಗೇ ಹಾಕಿ ಎದ್ದಳು. ಉಳಿದವರೂ ಒಬ್ಬೊಬ್ಬರೇ ಚಪ್ಪಲಿ ಮೆಟ್ಟಿದರು.

ಎಲ್ಲರೂ ಹೋದ ಮೇಲೆ ವೀರೇಶ ಗೋಡೆ ನೋಡುತ್ತ ಹೇಳಿದ. "ತೊದಲು ಅಂತ ಫೋನಿಗೆ ಬಂದಿತ್ರಿ ಅತ್ತಿಯರ. ಕೂಸಿನ ಉಸರಾಟ ಕೇಳಿ, ಅದರ ದನಿ ಹ್ಯಾಂಗಿರ್ತೈತಿ ಅಂತ ತಾವ ಲೆಕ್ಕಾ ಹಾಕಿ ಮಾಡ್ತಾರಂತ. ನಾನ ಒಪ್ಪಿಗಿ ಒತ್ತೀನಿ. ಇಕಿ ದಿನಾ ಅಳ್ತಿದ್ಲು. ಇಕಿಗೆ ಸಮಾಧಾನ ಆಗ್ಲಿ ಅಂತ..."

"ಥೂ," ಎಂದೆ. ಪಾಪದ ಮನುಷ್ಯ, ಹೆಂಡತಿಯ ಅಳು ನಿಲ್ಲಿಸಲು ಹೋಗಿದ್ದ. ಅಳು ನಿಲ್ಲಿಸುವುದೇ ಈ ಊರಿಗೆ ಹಿಡಿದ ರೋಗ. ಆದರೂ ಅವನ ಮುಖ ನೋಡಲು ಅಸಹ್ಯವಾಯಿತು.

ವಿನುತಾ ನನ್ನ ಕಡೆ ತಿರುಗಿ, "ಹಂಗಾರ ನನ್ನ ಕೂಸು ನನ್ನ ಕರದ ಇಲ್ಲ?" ಎಂದು ಕೇಳಿದಳು.

"ಇಲ್ಲ ಯವ್ವಾ."

"ಕರೀತೈತೇನ ಇನ್ನ?"

"ಕಲಿಸಿದ್ರ ಇನ್ನೂ ಕರೀತೈತಿ. ಹಿಂಗ ಬಿಟ್ಟರ ತುಟಿ ಬಿಚ್ಚೂದ ಮರೀತೈತಿ. ನೀ ಮನಸ ಗಟ್ಟಿ ಮಾಡಬೇಕು. ಹಾಲು ಕೈಯಾಗ ಹಿಡಕೊಂಡು ಎದುರಿಗೆ ಕೂಡು. ಅದು ಕೇಳೂಮಟಾ ಕೊಡಬ್ಯಾಡ. ಕೇಳಿದ ಕೂಡ್ಲೆ ಕೊಡು, ಒಂದ ಕ್ಷಣ ತಡಾ ಮಾಡಬ್ಯಾಡ."

ಹಾಲಿನ ಹೊತ್ತಿಗೆ ಅವಳು ಬಾಟಲಿ ಹಿಡಿದು ನೆಲದ ಮೇಲೆ ಕೂಸಿನ ಎದುರಿಗೆ ಕೂತಳು. ಇಂಚರ ಬಾಗಿಲ ಕಡೆ ನೋಡಿತು, ಬಾಯಿ ತೆರೆಯಿತು. ಯಾರೂ ಬರಲಿಲ್ಲ. ಬಾಟಲಿಯನ್ನು ನೋಡಿತು. ಮತ್ತೆ ಬಾಗಿಲು. "ಇಲ್ಲೇ ಅದೀನಿ ನೋಡು, ನನ್ನ ಕೇಳು, ಇಲ್ಲೇ ಅದೀನಿ," ಎಂದು ವಿನುತಾ ಅಂದದ್ದಕ್ಕೆ ಮೇಜಿನ ಮೇಲಿಂದ ಆ ಹಾಳು ಬಟ್ಟೆ "ಅವ್ವ" ಎಂದಿತು. ಅವಳಿಗೆ ಎಲ್ಲಿಂದ ಬಂತೋ ರೋಷ, ಎದ್ದು ಹೋಗಿ ಅದನ್ನು ಮುದ್ದೆ ಮಾಡಿ ಅಕ್ಕಿಡಬ್ಬಿಯಲ್ಲಿ ತುರುಕಿ ಮುಚ್ಚಳ ಜಡಿದಳು. ಅಕ್ಕಿಯೊಳಗಿಂದಲೂ ಅದು ಅವ್ವ ಅನ್ನುತ್ತಲೇ ಇತ್ತು.

"ಕೊಟ್ಟಬಿಡ, ಮಾರಿ ನೋಡಾಕ ಆಗವಲ್ದು," ಎಂದ ವೀರೇಶ.

"ಬಾಯಿ ಮುಚ್ಚಕೊಂಡು ಹೊರಗ ನಡೀರಿ," ಎಂದಳು.

ಕೂಸಿನ ಗಲ್ಲ ನಡುಗಿತು. ಮೈ ಕೆಂಪಾಯಿತು. ತನ್ನ ಮೈಯಲ್ಲಿ ಏನಾಗುತ್ತಿದೆ ಎಂದು ಅದಕ್ಕೇ ಹೆದರಿಕೆಯಾದಂತಿತ್ತು. ಆಮೇಲೆ ಒಂದು ಸದ್ದು ಬಂತು. ಎಣ್ಣೆ ಕಾಣದ ಬಾಗಿಲು ಕಿರುಗುಟ್ಟಿದ ಹಾಗೆ, ಒರಟು, ಒಡಕು. ವಿನುತಾ ಬೆಚ್ಚಿಬಿದ್ದಳು.

"ಇದು ಇಂಚರಾನ ದನಿ ಏನ? ಹಿಂಗೈತೇನ ನನ್ನ ಕೂಸಿನ ದನಿ?"

ಬೆರಳಿಟ್ಟು ನೋಡಿದೆ. ಕೊರಳು ಗಡಗಡ ನಡುಗುತ್ತಿತ್ತು. "ಇದರದ ದನಿ. ಹಿಂಗ ಐತಿ. ಓ ಅನ್ನು ಖೋಡಿ, ಏನ ನೋಡ್ತೀ!"

"ಓ," ಎಂದಳು ವಿನುತಾ. ಬಾಟಲಿ ಕೊಟ್ಟಳು. ಹಾಲು ಕುಡಿಯುತ್ತ ಕೂಸು ಮೊದಲ ಸಲ ಬಾಗಿಲು ಬಿಟ್ಟು ಅವಳ ಮುಖ ನೋಡಿತು.

ವಿನುತಾ ಸಂಬಳವಿಲ್ಲದ ರಜೆ ಹಾಕಿದಳು. ಇಂಚರ ದಿನವಿಡೀ ಅತ್ತಿತು. ಹಾಲಿಗೆ ಅತ್ತಿತು, ಎತ್ತಿಕೊಳ್ಳಲು ಅತ್ತಿತು, ಸುಮ್ಮನೇ ದನಿ ಇದೆಯೋ ಇಲ್ಲವೋ ನೋಡಲು ಅತ್ತಿತು. ಅವ್ವ ಅನ್ನಲಿಲ್ಲ, ಯಾವಾಗ ಅನ್ನುತ್ತದೋ ನಾನು ಹೇಳಲಾರೆ. ಕರೆದರೆ ಯಾರೋ ಬರುತ್ತಾರೆ ಎಂಬುದು ಮಾತ್ರ ತಿಳಿಯಿತು.

ಆ ವಾರದ ಕೊನೆಗೆ ಹೆಸರು ತೆಗೆಸಿ, ಬಟ್ಟೆಯನ್ನು ಅವರ ಮುಖಕ್ಕೇ ಎಸೆದು ಬರೋಣ ಎಂದು ಕೇಂದ್ರಕ್ಕೆ ಹೋದೆವು. ಕೂಸು ವಿನುತಾಳ ಸೊಂಟದ ಮೇಲಿತ್ತು. ಸಂಜೆ, ಕೂಸು ಒಯ್ಯುವ ಹೊತ್ತು. ತಾಯಂದಿರು ಬಾಗಿಲ ಮುಂದೆ ಸಾಲಾಗಿ ನಿಂತಿದ್ದರು. ದೀಪ ಹಸಿರಾಯಿತು, ಬಾಗಿಲು ಸರಿಯಿತು, ಆ ಡಬ್ಬಿಯ ಮೊಲೆಹಾಲಿನ ವಾಸನೆ ಮುಖಕ್ಕೆ ಬಡಿಯಿತು. ತೊಟ್ಟಿಲುಗಳಲ್ಲಿ ಎದ್ದು ಕೂತ ಕೂಸುಗಳು, ಎಲ್ಲವುಗಳ ಬಾಯಿ ಮುಚ್ಚಿತ್ತು.

"ಅವ್ವ," ಎಂದಿತು ಮೊದಲ ತೊಟ್ಟಿಲು. "ಅವ್ವ," "ಅಮ್ಮ," "ಅವ್ವ," ಎಂದು ಒಂದಾದ ಮೇಲೊಂದು, ಇಂಪಾಗಿ, ಬೇರೆ ಬೇರೆ ದನಿಯಲ್ಲಿ. "ಓ ಬಂಗಾರಾ," "ಓ ಚಿನ್ನೂ, ಬಂದೆ," ಎಂದು ತಾಯಂದಿರು ಕರಗಿ ಹೋದರು. ನನಗೆ ಆ ಬಟ್ಟೆಗಳಿಗೆಲ್ಲ ಬೆಂಕಿ ಇಡಬೇಕು ಅನ್ನಿಸಿತು.

ಅಷ್ಟೊಂದು ಜನ ಕಂಡು ಇಂಚರ ಗಂಟಲು ಹರಿಯುವಂತೆ ಕಿರುಚಿತು. ಕೋಣೆಯೇ ತಿರುಗಿ ನೋಡಿತು. ಕಂಟ್ರೋಲ್ ರೂಮಿನಿಂದ ದೇಸಾಯಿ ನಗುವುದನ್ನೂ ಮರೆತು ಓಡಿ ಬಂದ. ತಾಯಂದಿರು ಮುಖ ಸಿಂಡರಿಸಿದರು. ಅವರ ಕಣ್ಣಿಗೆ ಅಸಹ್ಯವಾಗಿ ಕಂಡದ್ದು ನಮ್ಮ ಕೂಸು.

"ಯಾರ ಕೂಸ್ರೀ ಅದು, ಹಂಗ ಒದರಾಕತ್ತೈತಿ? ಎಷ್ಟ ಕೆಟ್ಟ ದನಿ! ಸುಮ್ನ ಮಾಡ್ರಿ ಅದನ್ನ," ಎಂದಳು ನಮ್ಮ ಪಕ್ಕದಲ್ಲಿದ್ದ ಒಬ್ಬ ಚಿಕ್ಕ ವಯಸ್ಸಿನ ತಾಯಿ. ಬಗಲಲ್ಲಿ ಅವಳ ಗಂಡು ಕೂಸು ನಮ್ಮನ್ನೇ ಕಣ್ಣರಳಿಸಿ ನೋಡುತ್ತಿತ್ತು.

"ನಮ್ಮದು," ಎಂದಳು ವಿನುತಾ. "ಒದರ್ಲಿ ಬಿಡ್ರಿ. ನನ್ನ ಕರೀತೈತಿ."

"ಮೇಡಂ, ದಯವಿಟ್ಟು ಹೊರಗೆ ಬನ್ನಿ, ಆಫೀಸಲ್ಲಿ ಮಾತಾಡೋಣ," ಎನ್ನುತ್ತ ದೇಸಾಯಿ ನಡುವೆ ಬಂದ. ನಾನು ಅವನನ್ನು ದಾಟಿ ಆ ತಾಯಿಯ ಮುಂದೆ ನಿಂತೆ.

"ನಿಮ್ಮ ಕೂಸು ಅವ್ವ ಅಂತೈತೇನವ್ವ?"

"ಹೂನ್ರೀ. ಭಾಳ ಚಂದ ಅಂತಾನ," ಎಂದಳು ಹೆಮ್ಮೆಯಿಂದ.

"ಕೈ ಕೊಡು." ಅವಳ ಎರಡು ಬೆರಳು ಹಿಡಿದು ಕೂಸಿನ ಕೊರಳ ಮೇಲೆ, ಬಟ್ಟೆಯಿಂದ ಮೇಲೆ, ಬರಿಯ ಮೈಗೆ ತಾಗಿಸಿ ಇಟ್ಟೆ. "ಈಗ ಮಾತಾಡಸು. ಕೈ ತಗೀಬ್ಯಾಡ."

ಅವಳು ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದಳು. ಆದರೂ ನಗುತ್ತಲೇ ಕೂಸಿನ ಕಡೆ ಬಗ್ಗಿ, "ಅಪ್ಪೂ, ಅವ್ವನ್ನ ಕರಿ," ಎಂದಳು.

"ಅವ್ವ."

ಅವಳ ನಗು ಹಾಗೇ ಇತ್ತು, ಬೆರಳು ಮಾತ್ರ ಒಂಚೂರು ಒತ್ತಿ ಹುಡುಕಿತು. ಇನ್ನೊಂದು ಕಡೆ ಇಟ್ಟು ನೋಡಿದಳು. "ಅಪ್ಪೂ?" ಎಂದಳು, ಈ ಸಲ ಮೆಲ್ಲಗೆ.

"ಅವ್ವ, ಅವ್ವ," ಎಂದಿತು ಬಟ್ಟೆ.

ಅವಳು ಓ ಅನ್ನಲಿಲ್ಲ.